ಜ್ವರ ಒಂದೇ, ಕಲಿಸುವ ದಾರಿ ನಾಲ್ಕು

ಮಳೆಗಾಲ ಮುಗಿಯುವ ಹೊತ್ತು. ಮೆಡಿಸಿನ್ ವಾರ್ಡ್ ತುಂಬ ಜ್ವರದವರೇ. ನನ್ನ ಫೈನಲ್ ಇಯರ್ ಎಂಬಿಬಿಎಸ್ ವಿದ್ಯಾರ್ಥಿಯೊಬ್ಬ ಹೆಂಗಸೊಬ್ಬರ ಕೇಸ್ ಹೇಳಿದ. ಹಿಸ್ಟರಿ, ಎಕ್ಸಾಮಿನೇಶನ್ ಎಲ್ಲ ಅಚ್ಚುಕಟ್ಟು, ಇಪ್ಪತ್ತೈದು ನಿಮಿಷ. ಉಳಿದವರು ಅಷ್ಟರಲ್ಲಿ ಕಾಲು ಬದಲಿಸಿ ಬದಲಿಸಿ ಸುಸ್ತಾಗಿದ್ದರು. ಕೊನೆಗೆ, "ಡೆಂಗ್ಯೂ ಮೇಡಂ" ಅಂದ.

"ಯಾಕಪ್ಪಾ?"

"ಪ್ಲೇಟ್‌ಲೆಟ್ ಕಮ್ಮಿ ಇದೆ ಮೇಡಂ."

ಆ ಹೆಂಗಸಿಗೆ ಜ್ವರ ಬಂದು ಹತ್ತು ದಿನವಾಗಿತ್ತು. ಡೆಂಗ್ಯೂ ಜ್ವರ ಸಾಮಾನ್ಯವಾಗಿ 2ರಿಂದ 7 ದಿನ. ಇದು ಅವನಿಗೂ ಗೊತ್ತು. ಆದರೆ ಓದಿದ್ದು ಒಂದು ಕಡೆ, ಕಂಡದ್ದು ಇನ್ನೊಂದು ಕಡೆ ಕೂತಿತ್ತು. ಪರದೆ ಎಳೆದು ಕಂಕುಳು ನೋಡಿದೆ. ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯೂ ಇಲ್ಲ, ಹಾಗಾಗಿ ಅವರೂ ಹೇಳಿರಲಿಲ್ಲ. ನುಸಿಯ ಮರಿ ಕಚ್ಚಿದ ಗುರುತು ಅದು. ಆ ಕಡಿತದಿಂದ ಬರುವ ಜ್ವರವೇ ಸ್ಕ್ರಬ್ ಟೈಫಸ್. ಡಾಕ್ಸಿಸೈಕ್ಲಿನ್ ಶುರು ಮಾಡಿ ಎರಡು ದಿನಕ್ಕೆ ಜ್ವರ ಇಳಿಯಿತು.

ಹುಡುಗನನ್ನು ಬೈದು ಏನು ಪ್ರಯೋಜನ? ನಾವು ಕಲಿಸಿದ್ದೇ ಹಾಗೆ. ಹಳೇ ಕೇಸ್ ಪ್ರೆಸೆಂಟೇಶನ್‌ನಲ್ಲಿ ಡಯಾಗ್ನೋಸಿಸ್ ಬರೋದು ಕೊನೆಯ ಸಾಲಿನಲ್ಲಿ. ಅಲ್ಲಿಯವರೆಗೆ ಅವನ ತಲೆಯಲ್ಲಿ ಏನು ಓಡುತ್ತಿದೆ ಅನ್ನೋದು ನಮಗೆ ಕಾಣೋದೇ ಇಲ್ಲ. ಹಾಗಾಗಿ ಆಮೇಲಿನ ಬ್ಯಾಚ್‌ಗಳಲ್ಲಿ ಇನ್ನೂ ಮೂರು ದಾರಿ ಪ್ರಯತ್ನಿಸಿದೆ.

ಮೊದಲನೆಯದು ಒನ್ ಮಿನಿಟ್ ಪ್ರಿಸೆಪ್ಟರ್. 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್‌ನವರು ಬರೆದ ಐದು ಹೆಜ್ಜೆ. ನಿನಗೆ ಏನನ್ನಿಸುತ್ತೆ ಹೇಳು, ಯಾಕೆ ಹೇಳು. ಆಮೇಲೆ ಮೇಷ್ಟ್ರು ಒಂದು ಸೂತ್ರ ಹೇಳಿಕೊಡಬೇಕು, ಸರಿ ಮಾಡಿದ್ದನ್ನು ಮೆಚ್ಚಬೇಕು, ತಪ್ಪನ್ನು ತಿದ್ದಬೇಕು. ಹೆಸರಿಗೆ ಒಂದು ನಿಮಿಷ, ನನಗೆ ಐದಾಗುತ್ತಿತ್ತು. ಆದರೂ ಓಪಿಡಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಮೊದಲ ಹೆಜ್ಜೆಯಲ್ಲೇ. "ಏನನ್ನಿಸುತ್ತೆ?" ಅಂದರೆ ಮೌನ. ತಪ್ಪಾದರೆ ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಆ ಮೌನ ತಡೆಯಲಾಗದೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಈಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳಕ್ಕೋ ಎಂಟಕ್ಕೋ ಯಾರಾದರೂ ಬಾಯಿ ಬಿಡುತ್ತಾರೆ.

ಎರಡನೆಯದು ಸ್ನ್ಯಾಪ್ಸ್, 2003ರದ್ದು, ಇದೂ ಅಮೆರಿಕದ್ದೇ. ಇಲ್ಲಿ ಗಾಡಿ ಓಡಿಸೋದು ವಿದ್ಯಾರ್ಥಿ. ಕೇಸ್ ಚಿಕ್ಕದಾಗಿ ಹೇಳಿ, ಎರಡು ಮೂರು ಕಾಯಿಲೆಗೆ ಇಳಿಸಿ, ಅವನ್ನು ಒಂದಕ್ಕೊಂದು ತೂಗಿ ನೋಡಿ, ಮೇಷ್ಟ್ರನ್ನೇ ಪ್ರಶ್ನೆ ಕೇಳಬೇಕು. ಆಮೇಲೆ ಚಿಕಿತ್ಸೆ, ಕೊನೆಗೆ ಮನೆಯಲ್ಲಿ ಓದಲು ಒಂದು ವಿಷಯ. ತೂಗಿ ನೋಡುವ ಹೆಜ್ಜೆ ನಿಜವಾಗಿಯೂ ಚೆನ್ನಾಗಿದೆ. ಆದರೆ ಬಾಗಿಲಾಚೆ ಕ್ಯೂ ಬೆಳೆಯುತ್ತಿರುವಾಗ ಆರು ಹೆಜ್ಜೆ ಮುಗಿಯಲ್ಲ. ಓದಿಕೊಂಡು ಬರುತ್ತೇವೆ ಅಂದವರಲ್ಲಿ ಅರ್ಧ ಜನ ಓದಿ ಬರಲ್ಲ, ಬಿಡಿ. ಇಂಟರ್ನ್‌ಗಳ ಜೊತೆ ಸಂಜೆ ರೌಂಡ್ಸ್‌ನಲ್ಲಿ ಮಾತ್ರ ಇದು ನಡೆಯಿತು.

ಮೂರನೆಯದು ಚೀಟಿ ಆಟ. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಅದೇ ಹೆಂಗಸಿನ ಕೇಸನ್ನು ನಾಲ್ಕು ಚೀಟಿ ಮಾಡಿದೆ. ಪ್ರತಿ ಚೀಟಿ ಆದಮೇಲೆ ಬೋರ್ಡ್ ಮೇಲೆ ಮೂರೇ ಕಾಯಿಲೆ ಬರೆಯಬೇಕು. ಹತ್ತು ದಿನದ ಜ್ವರ ಅಂದಾಗ ಟೈಫಾಯ್ಡ್, ಮಲೇರಿಯಾ, ಡೆಂಗ್ಯೂ ಬಂದವು. ಪ್ಲೇಟ್‌ಲೆಟ್ 60 ಸಾವಿರ ಅಂದಕೂಡಲೇ ಡೆಂಗ್ಯೂ ಮೇಲಕ್ಕೇರಿತು. ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದರು ಅಂದಾಗ ಟೈಫಾಯ್ಡ್ ಅಳಿಸಿ ಇಲಿ ಜ್ವರ ಬರೆದರು. ಹಕ್ಕಳೆಯ ಚೀಟಿ ಬಂದ ಮೇಲೂ ಒಬ್ಬಳು ಡೆಂಗ್ಯೂ ಅಳಿಸಲು ಒಪ್ಪಲಿಲ್ಲ. "ಎರಡೂ ಇರಬಾರದಾ ಮೇಡಂ?" ಅಂತ ವಾದ. ಇರಬಹುದು, ಆದರೆ ಮೊದಲು ಯಾವುದಕ್ಕೆ ಔಷಧಿ ಕೊಡ್ತೀಯ? ಅರ್ಧ ಗಂಟೆ ಅದರಲ್ಲೇ ಹೋಯಿತು. ಯೋಚನೆ ಹೇಗೆ ತಿರುಗಿತು, ಎಲ್ಲಿ ಅಂಟಿಕೊಂಡಿತು, ಎಲ್ಲ ಬೋರ್ಡ್ ಮೇಲೇ ಕಾಣುತ್ತಿತ್ತು.

ಥರ್ಡ್ ಇಯರ್‌ನವರಿಗೆ ಚೀಟಿ, ಫೈನಲ್ ಇಯರ್‌ಗೆ ಓಪಿಡಿಯಲ್ಲಿ ಐದು ಹೆಜ್ಜೆ. ಸದ್ಯಕ್ಕೆ ನನ್ನ ಲೆಕ್ಕ ಇದು. ಹಳೇ ಪ್ರೆಸೆಂಟೇಶನ್ ಬಿಟ್ಟಿಲ್ಲ. ಪರೀಕ್ಷೆಯಲ್ಲಿ ಲಾಂಗ್ ಕೇಸ್, ಅಂದರೆ ಒಬ್ಬ ರೋಗಿಯನ್ನು ಪೂರ್ತಿ ನೋಡಿ ಹೇಳೋದು, ಕೇಳ್ತಾರಲ್ವಾ. ಅದೂ ಅಲ್ಲದೆ, ಚೀಟಿಯಲ್ಲಿ ಒಂದು ಮೋಸ ಇದೆ. ಹಕ್ಕಳೆಯನ್ನು ನಾನೇ ಕೈಗಿಡುತ್ತೇನೆ. ವಾರ್ಡಿನಲ್ಲಿ ಕೈ ಎತ್ತಿಸಿ ನೋಡದಿದ್ದರೆ ಅದು ಸಿಗೋದೇ ಇಲ್ಲ.

ಅದಕ್ಕೇ ಈಗ ನಾಲ್ಕನೇ ಚೀಟಿ ಸುಮ್ನೆ ಕೊಡಲ್ಲ. "ಮೈಮೇಲೆ ಎಲ್ಲಿ ನೋಡ್ತೀರಿ?" ಅಂತ ಕೇಳುತ್ತೇನೆ. ಕಂಕುಳು, ತೊಡೆಸಂದು ಅಂತ ಯಾರಾದರೂ ಅಂದರೆ ಮಾತ್ರ ಚೀಟಿ. ಕಳೆದ ಬ್ಯಾಚ್‌ನಲ್ಲಿ ಅದು ನನ್ನ ಏಪ್ರನ್ ಜೇಬಿನಲ್ಲೇ ಮನೆಗೆ ಬಂತು.