16 ಅಡಿ ಬೋಟಿಗೆ ಬಂಕ್ ಟ್ರೇಲರ್: 3 ವರ್ಷ ಬಳಸಿದ ಮೇಲೆ

ಸಿಂಗಲ್ ಆಕ್ಸಲ್, ಗ್ಯಾಲ್ವನೈಸ್ಡ್ ಫ್ರೇಮು, ಬೋಟಿನ ತಳ ಕೂರೋಕೆ ಕಾರ್ಪೆಟ್ ಸುತ್ತಿದ ಎರಡು ಬಂಕ್ ಹಲಗೆ. ತಗೊಳ್ಳುವಾಗ 16 ಅಡಿ ಬೋಟಿಗೆ ಕರೆಕ್ಟಾಗಿ ಕೂರುತ್ತೆ ಅಂದಿದ್ರು, ನಾನೂ ನಂಬ್ದೆ. ಉದ್ದವೇನೋ ಕೂತ್ಕೊಂಡ್ತು, ತಳ ಕೂರ್ಲಿಲ್ಲ.

ಮೊದಲ ವರ್ಷ ಪೂರ್ತಿ ಗೊತ್ತೇ ಆಗ್ಲಿಲ್ಲ ನಂಗೆ. ಒಂದಿನ ಕೆಳಗೆ ಬಗ್ಗಿ ನೋಡಿದ್ರೆ ಹಲಗೆ ಮುಗಿದ ಮೇಲೂ ಬೋಟಿನ ಹಿಂಭಾಗ ಒಂದು ಗೇಣು ಆಚೆಗೆ ಚಾಚ್ಕೊಂಡಿದೆ, ಮೋಟಾರಿನ ಭಾರವೆಲ್ಲ ಅಲ್ಲೇ ನೇತಾಡ್ತಿದೆ! ಹಂಗೇ ಬಿಟ್ರೆ ಫೈಬರ್ ತಳ ನಿಧಾನಕ್ಕೆ ಬಾಗುತ್ತೆ, ಆಮೇಲೆ ಸ್ಪೀಡಲ್ಲಿ ಮೂತಿ ನೀರಿಗೆ ಒತ್ತೋಕೆ ಶುರು ಮಾಡುತ್ತೆ. ನಂದು ಅಷ್ಟು ದೂರ ಹೋಗಿರ್ಲಿಲ್ಲ, ಪುಣ್ಯ.

ಬೋಟಿನ ಮೂತಿ ಎಳೆದು ಕಟ್ಟೋ ಮುಂದಿನ ಕಂಬ, ವಿಂಚ್ ಪೋಸ್ಟನ್ನ ಒಂದು ಗೇಣು ಮುಂದಕ್ಕೆ ತಳ್ಳಿದೆ, ಹಿಂಭಾಗ ಹಲಗೆ ತುದಿಗೆ ಸರಿಯಾಗಿ ಬಂತು. ಆದ್ರೆ ಬೋಟು ಮುಂದೆ ಹೋದ್ರೆ ಭಾರನೂ ಮುಂದೆ ಹೋಗುತ್ತಲ್ಲ, ಬಾತ್‌ರೂಮ್ ತೂಕದ ಮಷೀನನ್ನ ತಂದು ಕಪ್ಲರ್ (ಕಾರಿಗೆ ಸಿಕ್ಕಿಸೋ ಮುಂದಿನ ಕೊಂಡಿ) ಅಡಿಗೆ ಇಟ್ಟು ನೋಡಿದ್ರೆ ಮೊದಲು 60 ಕೆಜಿ ಇದ್ದಿದ್ದು 85 ಆಗಿತ್ತು. ಬೋಟು ಟ್ರೇಲರ್ ಎಲ್ಲಾ ಸೇರಿ ಸುಮಾರು 700 ಕೆಜಿ, ಅದರ 5ರಿಂದ 10 ಪರ್ಸೆಂಟ್ ಕಪ್ಲರ್ ಮೇಲಿದ್ರೆ ಸರಿ. ತೀರಾ ಕಮ್ಮಿ ಆದ್ರೆ ಟ್ರೇಲರ್ ಬಾಲ ಆಡ್ಸುತ್ತೆ, ಜಾಸ್ತಿ ಆದ್ರೆ ಕಾರಿನ ಹಿಂದುಗಡೆ ಕುಸಿಯುತ್ತೆ. ಹಾಗಾಗಿ ಕಪ್ಲರ್ ಮೇಲಿನ ಭಾರ ಇಳಿಸೋಕೆ ಆಕ್ಸಲನ್ನೇ 6 ಇಂಚು ಮುಂದೆ ಸರಿಸ್ದೆ. ಹೇಳೋಕೆ ಒಂದು ಸಾಲು, ಮಾಡೋಕೆ ಎರಡು ದಿನ, ಆಕ್ಸಲ್ ಹಿಡಿದಿರೋ ಯು-ಬೋಲ್ಟ್ ತುಕ್ಕು ಹಿಡಿದಿತ್ತು, ಮಡ್‌ಗಾರ್ಡೂ ಬಿಚ್ಚಬೇಕಾಯ್ತು. ಕಪ್ಲರಿಂದ ಎರಡೂ ಚಕ್ರಕ್ಕೆ ಟೇಪ್ ಹಿಡಿದು ಒಂದೇ ಅಳತೆ ಬರೋ ತನಕ ಬಿಗಿ ಮಾಡ್ಬೇಡಿ, ಇಲ್ಲಾಂದ್ರೆ ಟ್ರೇಲರ್ ಓರೆಯಾಗಿ ಓಡಿ ಟೈರ್ ಸವೆಯುತ್ತೆ.

ಹಲಗೆಯ ಓರೆ ಇನ್ನೊಂದು ಕಥೆ. ತಳದ ವಿ ಆಕಾರಕ್ಕೆ ಹಲಗೆ ಚಪ್ಪಟೆಯಾಗಿ ಅಂಟ್ಕೋಬೇಕು, ಉದ್ದುದ್ದಕ್ಕೆ ಬಂದಿರೋ ಏಣುಗಳ ಮೇಲೆ ಕೂರಬಾರದು. ಬೋಟು ಹತ್ತಿಸಿ ಕಾರ್ಪೆಟ್ಟಿಗೂ ತಳಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸ್ದೆ, ಬಲಗಡೆ ಎಳೆದ್ರೆ ಹರಿದೇ ಹೋಯ್ತು, ಎಡಗಡೆ ಮೂರು ಕಡೆ ಸಲೀಸಾಗಿ ಈಚೆ ಬಂತು. ಬೋಟು ನೀರಿಗೆ ಬಿಟ್ಟು, ಎಡ ಹಲಗೆಯ ಬ್ರಾಕೆಟ್ ಅರ್ಧ ಇಂಚು ಎತ್ತಿ, ಮತ್ತೆ ಹತ್ತಿಸಿ, ಮತ್ತೆ ಕಾಗದ. ಮೂರನೇ ಸಲಕ್ಕೆ ಎರಡೂ ಕಡೆ ಒಂದೇ ಥರ ಹಿಡೀತು.

ಆಮೇಲೆ 2 ವರ್ಷದಿಂದ ತಕರಾರಿಲ್ಲ. 50 ಕಿಮೀ ಓಡಿಸಿ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡ್ದೆ, ಒಂದೆರಡು ಸಡಿಲ ಆಗಿದ್ವು. ವಿಂಚು, ಫ್ರೇಮು ಗಟ್ಟಿ.

4 ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿದ್ದು ಕಾರ್ಪೆಟ್ ಪಿನ್ನಿಗೆ, ಒಂದೇ ವರ್ಷಕ್ಕೆ ತುಕ್ಕು ಹಿಡಿದು ಮೇಲೆದ್ದು ಬೋಟಿನ ತಳ ಗೀಚಿದ್ವು, ಸ್ಟೇನ್‌ಲೆಸ್ ಪಿನ್ ನಾನೇ ಹೊಡ್ಕೊಂಡೆ. ಮ್ಯಾನ್ಯುಯಲ್‌ನಲ್ಲಿ ಇಷ್ಟೆಲ್ಲದಕ್ಕೂ ಇದ್ದಿದ್ದು ಒಂದೇ ಸಾಲು, "ಬೇಕಾದಂತೆ ಹೊಂದಿಸಿಕೊಳ್ಳಿ" ಅಂತ.