ಜೀಪಿನ ಬ್ಯಾಕ್ ಸೀಲ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೇ ಜೀಪು ಇಟ್ಟುಕೊಂಡಿರುವ ಗೆಳೆಯರಿಗೆ ಒಂದು ಮಾತು. ಬೆಲ್ ಹೌಸಿಂಗ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ, ಕ್ಲಚ್ ಇರುವ ಕವಚ) ಕೆಳಗಿನ ತೂತಿನಿಂದ ಆಯಿಲ್ ತೊಟ್ಟಿಕ್ಕುವುದನ್ನು ನೋಡಿದ ತಕ್ಷಣ ‘ಕ್ರ್ಯಾಂಕ್ ಬ್ಯಾಕ್ ಸೀಲ್ ಹೋಗಿದೆ, ಇಳಿಸಿಬಿಡೋಣ’ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಬ್ಯಾಕ್ ಸೀಲ್ ಅಂದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯಲ್ಲಿ ಆಯಿಲ್ ಹೊರಗೆ ಬರದಂತೆ ತಡೆಯುವ ಸೀಲ್. ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಮೊದಲು ತೋರಿಸಲಿ. ಆಮೇಲೆ ಸ್ಪ್ಯಾನರ್ ಹಿಡಿಯಲಿ.

ನನ್ನದು 1968ರ ಮಹೀಂದ್ರ ಸಿಜೆ3ಬಿ. 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್. ಇನ್‌ಟೇಕ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ. ಆ ಎತ್ತರದ ಬಾನೆಟ್ ಬಂದಿದ್ದೇ ಈ ಎಂಜಿನ್‌ಗಾಗಿ. ಇವು ಅಷ್ಟಿಷ್ಟು ಆಯಿಲ್ ಬಿಡುತ್ತವೆ, ಅದೇನೂ ಹೊಸದಲ್ಲ. ಆದರೆ ನನ್ನ ಗಾಡಿ ನಿಂತಲ್ಲೆಲ್ಲ ಅಂಗೈಯಗಲ ಕಲೆ ಬೀಳೋಕೆ ಶುರುವಾಯಿತು. ನಂದಿ ಬೆಟ್ಟದ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಕ್ಲಚ್ ಪ್ಲೇಟಿಗೆ ಆಯಿಲ್ ಹತ್ತಿ ಜಾರುತ್ತಿತ್ತು.

ಜೀಪ್ ಕೆಲಸದಲ್ಲಿ ಹೆಸರಿದೆ ಅಂತ ಕೇಳಿ, ಬೆಂಗಳೂರಿನ ದಕ್ಷಿಣ ಭಾಗದ ಒಂದು ಶೆಡ್ಡಿಗೆ ಬಿಟ್ಟೆ. ಮೆಕಾನಿಕ್ ಕೆಳಗೆ ಬಗ್ಗಿ, ಬೆರಳಲ್ಲಿ ಒರೆಸಿ ನೋಡಿ, ‘ಬ್ಯಾಕ್ ಸೀಲ್ ಸಾರ್’ ಅಂದರು. ಬೇರೇನೂ ನೋಡಲಿಲ್ಲ. ಜೆ.ಸಿ. ರಸ್ತೆಯಿಂದ ಎರಡು ಭಾಗದ ರಬ್ಬರ್ ಸೀಲ್ ತಂದುಕೊಟ್ಟೆ. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ (ಕ್ರ್ಯಾಂಕ್ ಹಿಂದಿನ ಭಾರದ ಚಕ್ರ) ಎಲ್ಲ ಇಳಿಸಿದರು.

ಇಂಥ ಹಳೇ ಎಂಜಿನ್‌ಗಳಲ್ಲಿ ಎಷ್ಟೋ ಕಡೆ ಇರುತ್ತಿದ್ದದ್ದು ರೋಪ್ ಸೀಲ್, ಅಂದರೆ ಗ್ರಾಫೈಟ್ ಹಾಕಿದ ಹಗ್ಗ. ಅರ್ಧ ತುಂಡು ಬ್ಲಾಕ್‌ನ ತೋಡಿನಲ್ಲಿ, ಇನ್ನರ್ಧ ಕ್ರ್ಯಾಂಕನ್ನು ಕೆಳಗಿನಿಂದ ಹಿಡಿದಿಡುವ ಬೇರಿಂಗ್ ಕ್ಯಾಪ್‌ನಲ್ಲಿ ಕೂರುತ್ತದೆ. ಕ್ಯಾಪ್ ಬಿಚ್ಚಿದರೆ ಕೆಳಗಿನದು ಸುಲಭವಾಗಿ ಬರುತ್ತದೆ. ಮೇಲಿನದು ಕ್ರ್ಯಾಂಕ್ ಮತ್ತು ಬ್ಲಾಕ್ ನಡುವೆ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯೋಕೆ ಬೇರಿಂಗ್ ಕ್ಯಾಪ್‌ಗಳನ್ನು ಸ್ವಲ್ಪ ಸಡಿಲ ಮಾಡಿ ಕ್ರ್ಯಾಂಕನ್ನು ಚೂರು ಇಳಿಸಬೇಕು. ತುದಿಗೆ ಸ್ಕ್ರೂ ಇರುವ ಬಾಗುವ ಟೂಲನ್ನು ಹಗ್ಗಕ್ಕೆ ತಿರುಗಿಸಿ ಎಳೆಯಬೇಕು. ಅವಸರ ಮಾಡುವ ಕೆಲಸ ಅಲ್ಲವೇ ಅಲ್ಲ. ನಾನು ಸಂಜೆ ಹೋದಾಗ ಹುಡುಗನೊಬ್ಬ ಮಲಗಿಕೊಂಡು, ಆ ಸಂದಿಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಬೇಡಪ್ಪಾ ಅಂತ ಕೂಗಿದೆ. ‘ಏನೂ ಆಗಲ್ಲ ಸಾರ್, ದಿನಾ ಮಾಡೋದೇ’ ಅಂದರು ಮೆಕಾನಿಕ್. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಮಾತಿಗೇ.

ಗಾಡಿ ವಾಪಸ್ ಬಂದ ಮೇಲೆ ಮೊದಲಿಗಿಂತ ಜಾಸ್ತಿ ಸೋರಿತು. ಜೊತೆಗೆ ಇನ್ನೊಂದು ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್ ಮುಳ್ಳು ಸೊನ್ನೆಯ ಹತ್ತಿರ ಬೀಳುತ್ತಿತ್ತು.

ಶಿವಾಜಿನಗರದ ಹಿರಿಯ ಮೆಕಾನಿಕ್ ಒಬ್ಬರ ಹತ್ತಿರ ಟೋ ಮಾಡಿಸಿಕೊಂಡು ಹೋದೆ. ಅವರು ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ ತೋರಿಸಿದರು. ಮೊದಲ ಶೆಡ್ಡಿನವರು ಗ್ಯಾಸ್ಕೆಟ್ ಜಾಗದಲ್ಲೆಲ್ಲ ಸಿಲಿಕೋನ್ ಅಂಟು ಮೆತ್ತಿದ್ದರು. ಒಳಗೆ ಉಕ್ಕಿದ್ದು ಶಾವಿಗೆಯ ಹಾಗೆ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಸುತ್ತಿಕೊಂಡಿತ್ತು. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ಬೇರಿಂಗ್‌ಗಳು ಸುಟ್ಟುಹೋಗುತ್ತಿದ್ದವು. ಹೊಸ ಸೀಲನ್ನು ಉಲ್ಟಾ ಹಾಕಿದ್ದರು. ಅದರ ಲಿಪ್ (ಕ್ರ್ಯಾಂಕಿಗೆ ತಾಗುವ ತೆಳು ಅಂಚು) ಎಂಜಿನ್ ಒಳಗಡೆಗೆ, ಅಂದರೆ ಆಯಿಲ್ ಇರುವ ಕಡೆಗೆ ಮುಖ ಮಾಡಿರಬೇಕು. ಇಲ್ಲಿ ಫ್ಲೈವೀಲ್ ಕಡೆಗಿತ್ತು. ಕ್ರ್ಯಾಂಕ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರಿಗೆ ಸಿಗುವ ಗೀರಿದ್ದರೆ ರಬ್ಬರ್ ಸೀಲ್ ಆಯಿಲ್ ತಡೆಯಲ್ಲ, ಎಷ್ಟು ಒಳ್ಳೆಯ ಸೀಲಾದರೂ ಅಷ್ಟೇ.

ಆಮೇಲೆ ಅವರು ಗೇರ್‌ಬಾಕ್ಸ್, ಫ್ಲೈವೀಲ್ ಇಳಿಸಿ, ವಾಲ್ವ್‌ಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ಹಿಂದಿನ ಪ್ಲಗ್ ತೋರಿಸಿದರು. ಬ್ಲಾಕ್ ಹಿಂಬದಿಯಲ್ಲಿ ಒಂದು ಸಣ್ಣ ತಗಡಿನ ಬಿಲ್ಲೆ ಅದು. ಅದರ ಅಂಚಿನಿಂದ ಹಳೇ ಆಯಿಲ್ ಇಳಿದ ಕಪ್ಪು ಗೆರೆ ನೇರ ಕೆಳಗೆ ಬಂದಿತ್ತು. ಮೊದಲಿಂದ ಸೋರುತ್ತಿದ್ದದ್ದು ಅದೇ! ಮೊದಲ ಶೆಡ್ಡಿನಲ್ಲಿ ಫ್ಲೈವೀಲ್ ಕೆಳಗಿದ್ದಾಗ ಆ ಪ್ಲಗ್ ಅವರ ಕಣ್ಣೆದುರೇ ಇತ್ತು. ಪ್ಲಗ್ಗಿಗೆ ಹೆಚ್ಚು ದುಡ್ಡೂ ಆಗಲ್ಲ. ಗೀರು ಬಿದ್ದ ಕ್ರ್ಯಾಂಕಿಗೆ ಮಾತ್ರ ಪೂರ್ತಿ ಎಂಜಿನ್ ಬಿಚ್ಚಬೇಕಾಯಿತು. ಆ ಜಾಗಕ್ಕೆ ಲೋಹ ತುಂಬಿಸಿ ಗ್ರೈಂಡ್ ಮಾಡಿಸಬೇಕಾಯಿತು. ಮೊದಲ ಶೆಡ್ಡಿನವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ, ಫೋನೂ ಎತ್ತಲಿಲ್ಲ.

ಬೆಲ್ ಹೌಸಿಂಗ್ ತೂತು ಎಲ್ಲ ಸೋರಿಕೆಗಳೂ ಬಂದು ಸೇರುವ ಜಾಗ. ಹಿಂದಿನ ಸೀಲ್, ಕ್ಯಾಮ್ ಪ್ಲಗ್, ಚೇಂಬರ್ ಗ್ಯಾಸ್ಕೆಟ್‌ನ ಹಿಂದಿನ ಮೂಲೆ, ಗೇರ್‌ಬಾಕ್ಸ್ ಮುಂಭಾಗ, ಮೇಲಿನ ರಾಕರ್ ಕವರ್, ಪಕ್ಕದ ಟ್ಯಾಪೆಟ್ ಕವರ್, ಯಾವುದು ಬೇಕಾದರೂ ಇರಬಹುದು. ಗೇರ್ ಆಯಿಲ್ ಆದರೆ ಮೂಗಿಗೇ ಗೊತ್ತಾಗುತ್ತದೆ, ಗಂಧಕದ ಘಾಟು ಹೊಡೆಯುತ್ತದೆ. ಎಂಜಿನ್ ಆಯಿಲ್ ಆದರೆ ಹೊರಗಡೆ ಪೂರ್ತಿ ತೊಳೆಸಿ, ಒಣಗಿಸಿ, ಪೌಡರ್ ಉದುರಿಸಿ ಓಡಿಸಿ. ಮೊದಲು ಒದ್ದೆಯಾಗುವ ಜಾಗ ಯಾವುದು ನೋಡಿ. ಆಯಿಲ್‌ಗೆ ಯುವಿ ಡೈ (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ) ಹಾಕಿ ಯುವಿ ಟಾರ್ಚ್ ಬಿಟ್ಟರೆ ಇನ್ನೂ ಚೆನ್ನ. ಎಂಜಿನ್ ಒಳಗಿನ ಹೊಗೆಯನ್ನು ಹೊರಗೆ ಎಳೆಯುವ ಪಿಸಿವಿ ವಾಲ್ವ್ ಕಟ್ಟಿದೆಯಾ ಅಂತ ತಪ್ಪದೆ ನೋಡಿಸಿ. ಅದು ಕಟ್ಟಿದರೆ ಒಳಗೆ ಪ್ರೆಷರ್ ಏರಿ, ಚೆನ್ನಾಗಿರುವ ಸೀಲಿನಿಂದಲೂ ಆಯಿಲ್ ಹೊರಗೆ ಬರುತ್ತದೆ. ಹಿಂದಿನ ಮೇನ್ ಬೇರಿಂಗ್ ಸವೆದಿದ್ದರೂ ಅಷ್ಟೇ, ಕ್ರ್ಯಾಂಕ್ ಅಲ್ಲಾಡುತ್ತಿದ್ದರೆ ಸೀಲ್ ಏನು ಮಾಡೀತು?

ಕೊನೆಗೂ ಸೀಲೇ ಅಂತ ಗೊತ್ತಾದರೆ, ಹಾಕುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಮೆಕಾನಿಕ್ ಬೇಡ ಅಂದರೆ ಗಾಡಿ ಬೇರೆ ಕಡೆ ತಗೊಂಡು ಹೋಗಿ. ಸೀಲ್ ಅಷ್ಟೇ ಆದರೆ ಚೇಂಬರ್ ಇಳಿಸಿದರೆ ಸಾಕು, ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ಲಿಪ್ ಯಾವ ಕಡೆಗಿದೆ ಅಂತ ನೀವೇ ನೋಡಿ. ಲಿಪ್‌ಗೆ ಆಯಿಲ್ ಸವರದೆ ಕೂರಿಸೋಕೆ ಬಿಡಬೇಡಿ. ಕ್ಯಾಪ್‌ನ ಎರಡೂ ಪಕ್ಕದ ತೂತಿಗೆ ಹೋಗುವ ರಬ್ಬರ್ ಕಡ್ಡಿಗಳನ್ನು ತುಂಬಾ ಜನ ಮರೆಯುತ್ತಾರೆ. ಅವು ಕಾಲು ಇಂಚಿನಷ್ಟು ಹೊರಗೆ ಚಾಚಿರಬೇಕು. ಚೇಂಬರ್ ಬಿಗಿದಾಗ ಒತ್ತಿಕೊಂಡು ಸಂದಿ ಮುಚ್ಚೋದು ಅದರಿಂದಲೇ. ಹಳೇ ರೋಪ್ ಸೀಲಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳಿಗೆ ಏರ್ ಹೊಡೆಯೋಕೆ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಗಾಡಿ ಹೊರಗೆ ತಂದ ಮೇಲೆ ಆಯಿಲ್ ಪ್ರೆಷರ್ ಗೇಜ್ ಮೇಲೆ ಕಣ್ಣಿಡಿ. ಕೆಲಸಕ್ಕೆ ಮುಂಚೆ ಬಿಸಿ ಎಂಜಿನ್‌ನಲ್ಲಿ ಎಷ್ಟು ತೋರಿಸುತ್ತಿತ್ತು ಅಂತ ಬರೆದಿಟ್ಟುಕೊಂಡಿರಿ. ಅದಕ್ಕಿಂತ ಕೆಳಗೆ ಬಿದ್ದರೆ ಮನೆತನಕ ಓಡಿಸಿಕೊಂಡು ಹೋಗೋಣ ಅನ್ನಬೇಡಿ. ಅಲ್ಲೇ ಆಫ್ ಮಾಡಿ ಟೋ ಮಾಡಿಸಿ.