ಜಯನಗರದ ಒಂದು ಟ್ರಾವೆಲ್ಸ್: ವೀಸಾಕ್ಕೆ ಹೋಗಿ, ಹೋಟೆಲ್ ಮಾತ್ರ ನೀವೇ ನೋಡ್ಕೊಳ್ಳಿ

ಹೆಸರು ಹಾಕಲ್ಲ. ಜಯನಗರದಲ್ಲಿ ಮೆಡಿಕಲ್ ಶಾಪ್ ಮೇಲಿನ ಮಹಡಿ, ಎರಡೇ ಮೇಜು. ಜಪಾನ್ ವೀಸಾಕ್ಕೆ ಸರ್ವಿಸ್ ಚಾರ್ಜ್ 2,500 ರೂಪಾಯಿ ತಗೊಂಡರು.

ನಾನು ಹೊರಟಿದ್ದು ಊರು ನೋಡೋಕಲ್ಲ. ಹಿಂದೆ ಕಂಪನಿ ಕೆಲಸದ ಮೇಲೆ ಸೈತಾಮಾ ಪ್ರಾಂತ್ಯದ ಕಾವಾಗುಚಿಯಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಒಬ್ಬಳು ಫಿಲಿಪೀನ್ಸ್‌ನವಳು. ನನಗೆ ಜ್ವರ ಬಂದಾಗ ಶುಂಠಿ ಹಾಕಿದ ಗಂಜಿ ತಂದುಕೊಟ್ಟವಳು. ಅವಳ ವೀಸಾ ಮುಗಿದು ಎಷ್ಟೋ ಕಾಲವಾಯ್ತು. ಈಗ ‘ಕಾರಿಹೋಮೆನ್’ ಮೇಲಿದ್ದಾಳೆ. ಅಂದರೆ ಕೂಡಿಹಾಕದೆ ತಾತ್ಕಾಲಿಕವಾಗಿ ಹೊರಗೆ ಬಿಟ್ಟಿದ್ದಾರೆ, ಅಷ್ಟೇ. ಕೆಲಸ ಮಾಡುವಂತಿಲ್ಲ, ಸರ್ಕಾರಿ ಆರೋಗ್ಯ ವಿಮೆ ಇಲ್ಲ. ಅಲ್ಲೇ ಇರಲು ವಿಶೇಷ ಅನುಮತಿ ಕೇಳಿ ಕಾಯುತ್ತಿದ್ದಾಳೆ.

ಇಷ್ಟನ್ನೂ ಮೇಜಿನ ಹಿಂದಿದ್ದ ಹುಡುಗಿಗೆ ಹೇಳಿದೆ. “ಅವರ ಕಡೆಯಿಂದ ಇನ್ವಿಟೇಷನ್ ಬೇಡ ಮೇಡಂ, ಅವರಿಗೇ ವೀಸಾ ಇಲ್ವಲ್ಲ. ನಿಮ್ಮ ಖರ್ಚಲ್ಲೇ ಹೋಗಿ. ಆದ್ರೆ ಗೆಳತೀನ ನೋಡ್ತೀನಿ ಅನ್ನೋದನ್ನ ಮುಚ್ಚಿಡಬೇಡಿ” ಎಂದಳು. ದಿನದಿನದ ಪಟ್ಟಿಯಲ್ಲಿ ಅದನ್ನೂ ಬರೆಸಿದಳು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದು ಪುಟ ಬಿಟ್ಟುಹೋಗಿದ್ದನ್ನು ಹಿಡಿದವಳೂ ಅವಳೇ. ವೀಸಾ ತಕರಾರಿಲ್ಲದೆ ಬಂತು.

ಎಡವಟ್ಟಾಗಿದ್ದು ಹೋಟೆಲಿನಲ್ಲಿ. ಕಾವಾಗುಚಿ ಅಂತ ಎರಡು ಸಲ ಹೇಳಿದ್ದೆ. ಮಾಲೀಕರು ಟೋಕಿಯೋದ ಆಸಾಕುಸಾದಲ್ಲಿ ಬುಕ್ ಮಾಡಿದರು. “ಎಲ್ಲ ಪಕ್ಕಪಕ್ಕ ಅಲ್ವಾ?” ಅಂದರು. ಪಕ್ಕವೇ, ನಿಜ. ಟೋಕಿಯೋದ ಅಕಾಬಾನೆ ಬಿಟ್ಟರೆ ಅರಾಕಾವಾ ನದಿ, ದಾಟಿದರೆ ಮುಂದಿನ ಸ್ಟೇಷನ್ನೇ ಕಾವಾಗುಚಿ. ನಮ್ಮ ಮೆಟ್ರೋದಲ್ಲಿ ಜಯನಗರದಿಂದ ಆರ್‌.ವಿ. ರೋಡ್ ಇದ್ದ ಹಾಗೆ. ಆದರೆ ಕಾರಿಹೋಮೆನ್‌ನವರು ಮೊದಲೇ ಅನುಮತಿ ಪಡೆಯದೆ ಪ್ರಾಂತ್ಯ ದಾಟುವಂತಿಲ್ಲ. ಅವಳು ನನ್ನ ಹೋಟೆಲಿಗೆ ಕಾಫಿಗೂ ಬರುವಂತಿರಲಿಲ್ಲ. ಎರಡನೇ ದಿನವೇ ರೂಮ್ ಬದಲಿಸಿದೆ, ಕ್ಯಾನ್ಸಲ್ ದುಡ್ಡು ನನ್ನ ತಲೆಗೆ.

ವಿ.ವಿ. ಪುರಂನಿಂದ ಖಾರಾ ಬಿಸ್ಕತ್ತು ಒಯ್ದಿದ್ದೆ. ಜಪಾನಿನಲ್ಲೇ ಹುಟ್ಟಿದ ಗೆಳತಿಯ ಮಗಳು ಒಂದು ಕಚ್ಚಿ “ಕರಾಯ್!” (ಖಾರ!) ಅಂತ ಕಿರುಚಿ, ಇನ್ನೆರಡು ತಗೊಂಡಳು. ಅವಳಿಗೆ ಜಪಾನೀಸ್ ಬಿಟ್ಟರೆ ಬೇರೆ ಭಾಷೆ ಬರಲ್ಲ. ತಾಯಿಗೆ ಕಾಡುತ್ತಿರುವುದು 2009ರ ಒಂದು ಪ್ರಕರಣ. ಪಕ್ಕದ ವಾರಾಬಿಯಲ್ಲಿದ್ದ ಫಿಲಿಪಿನೋ ದಂಪತಿಯನ್ನು ವಾಪಸ್ ಕಳಿಸಿ, 13 ವರ್ಷದ ಮಗಳಿಗೆ ಮಾತ್ರ ಇರಲು ಬಿಟ್ಟಿದ್ದರು. “ನಂಗೂ ಹಾಗೇ ಅಂದ್ರೆ, ಒಪ್ಕೋಬೇಕಾ?” ಅಂತ ಕೇಳಿದಳು. ನಾನು ಪಾತ್ರೆ ತೊಳೆಯುತ್ತಾ ನಿಂತೆ.

ಅವಳು ಶಿನಗಾವಾದ ಇಮಿಗ್ರೇಷನ್ ಆಫೀಸಿಗೆ ಹಾಜರಾಗುವ ದಿನ ನಾನೂ ಜೊತೆಗೆ ಹೋದೆ. ಸ್ಟೇಷನ್ನಿನಿಂದ ಬಸ್. ಆ ಬಸ್ಸಿನಲ್ಲಿ ಯಾರೂ ಮಾತಾಡಲ್ಲ. ಫಲಿತಾಂಶ ಬಂದಿರಲಿಲ್ಲ. ಕಾರಿಹೋಮೆನ್ ಕಾಗದಕ್ಕೆ ಹೊಸ ತಾರೀಖು ಬಿತ್ತು. ವಾಪಸ್ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದಳು.

ವೀಸಾ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಹೋಟೆಲಿಗೆ ಒಂದು. ಬಂದ ಮೇಲೆ ಕ್ಯಾನ್ಸಲ್ ದುಡ್ಡು 1,800 ಕೇಳಿದರೆ ಮಾಲೀಕರು “ನೋಡೋಣ” ಅಂದರು. ಆ ಹುಡುಗಿ ಮಾತ್ರ “ಅವರ ರಿಸಲ್ಟ್ ಬಂತಾ ಮೇಡಂ?” ಅಂತ ಕೇಳಿದಳು. ಎರಡೂ ಇನ್ನೂ ಬಂದಿಲ್ಲ.